ಹದಿನೇಳನೇ ತಾರೀಖಿನ ಮೈಸೂರ್‌ಪಾಕ್

ಚಿಕ್ಕವಳಿದ್ದಾಗ ನನ್ನ ಲೆಕ್ಕದಲ್ಲಿ ಡಿಸೆಂಬರ್ 17 ಅಂದ್ರೆ ಮಾವನ ಹುಟ್ಟುಹಬ್ಬ. ಅವತ್ತು ಸಂಜೆ ಮಾವ ಲಿಂಗರಾಜಪುರದ ಮನೆಗೆ ಒಂದು ಕಿಲೋ ಮೈಸೂರ್‌ಪಾಕ್ ತರುತ್ತಿದ್ದರು. ಗಟ್ಟಿ ಮೈಸೂರ್‌ಪಾಕ್, ಹಲ್ಲಿಗೆ ಕೆಲಸ ಕೊಡುವಂಥದ್ದು, ಈಗಿನ ಹಾಗೆ ಬಾಯಿಗಿಟ್ಟರೆ ಕರಗುವಂಥದ್ದಲ್ಲ. ಅಕ್ಕಪಕ್ಕದ ನಾಲ್ಕು ಮನೆಗೆ ನಾನೇ ತಟ್ಟೆ ಹಿಡಿದು ಹೋಗಿ ಕೊಟ್ಟು ಬರಬೇಕು. ಏನು ವಿಶೇಷ ಅಂತ ಕೇಳಿದವರಿಗೆಲ್ಲ "ನಮ್ಮ ಮಾವಂದು ಬರ್ತ್‌ಡೇ" ಅಂತ ಹೇಳಿ ಬರುತ್ತಿದ್ದೆ. ಮಾವ ಹುಟ್ಟಿದ್ದು ಜೂನ್‌ನಲ್ಲಿ, ಅದೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್, ಅಂತ ಗೊತ್ತಾಗುವ ಹೊತ್ತಿಗೆ ನಾನು ಹೈಸ್ಕೂಲಿಗೆ ಬಂದಿದ್ದೆ.

"ಹಾಗಾದ್ರೆ 17 ಏನು ಮಾವ?"

"ಯುದ್ಧ ನಿಂತ ದಿನ ಕಣಮ್ಮ."

ಯುದ್ಧ ಮುಗಿದದ್ದು 16ಕ್ಕೆ ಅಲ್ವಾ, ಪುಸ್ತಕದಲ್ಲಿ ಹಾಗೇ ಇದೆ ಅಂತ ವಾದ ಮಾಡಿದೆ. ಮಾವ ನಕ್ಕರು. ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾದದ್ದು 1971ರ ಡಿಸೆಂಬರ್ 16. ಆದರೆ ಪಶ್ಚಿಮದ ಗಡಿಯಲ್ಲಿ ಗುಂಡು ನಿಂತದ್ದು ಮಾರನೇ ದಿನ, 17ರ ರಾತ್ರಿ ಎಂಟಕ್ಕೆ. ಮಾವ ಇದ್ದದ್ದು ಪಶ್ಚಿಮದಲ್ಲಿ. "ಪೇಪರಿನವರಿಗೆ 16, ನಮಗೆ 17" ಅಂದರು. ಆ ಒಂದು ದಿನದಲ್ಲಿ ಏನಾಯಿತು ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ತಟ್ಟೆ ಹಿಡಿದು ಹೊರಟೆ.

ಮೈಸೂರ್‌ಪಾಕಿಗೆ ಎರಡನೇ ಕಾರಣವೊಂದಿತ್ತು. ಅದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು.

ಮಾವ ಅಂದರೆ ಅಮ್ಮನ ಅಣ್ಣ. ಹೆಸರು ಬರೆಯುವುದಿಲ್ಲ, ಕೋರ್ಟಿನ ಕಾಸ್ ಲಿಸ್ಟ್, ಅಂದರೆ ಆ ದಿನದ ಕೇಸುಗಳ ಪಟ್ಟಿ, ಬಿಟ್ಟರೆ ಬೇರೆಲ್ಲೂ ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಹದಿನೇಳು ವರ್ಷ ಸೈನ್ಯದಲ್ಲಿದ್ದರು. ಐದು ವರ್ಷ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಕರಿ ಕೋಟು, ಅದರ ನಡುವೆ ಮೂರು ವರ್ಷ ಸರ್ಕಾರಿ ವಕೀಲರು. ಹೋದ ವರ್ಷ ತೀರಿಕೊಂಡರು. ವಕೀಲರ ಸಂಘದವರು ಸಂತಾಪ ಸಭೆ ಮಾಡಿದಾಗ ಒಬ್ಬರು ಎದ್ದು ನಿಂತು, ಗಡಿಯಲ್ಲಿ ದೇಶವನ್ನು ಕಾದವರು ಕೋರ್ಟಿನಲ್ಲಿ ನ್ಯಾಯವನ್ನು ಕಾದರು ಅಂತೆಲ್ಲ ಮಾತಾಡಿದರು. ಚೆನ್ನಾಗಿಯೇ ಇತ್ತು. ಆದರೆ ಮಾವ ಅಲ್ಲಿದ್ದಿದ್ದರೆ ಎದ್ದು ಹೊರಗೆ ಹೋಗಿ ಕಾಫಿ ಕುಡಿಯುತ್ತಿದ್ದರು ಅನ್ನೋದೂ ನಿಜ.

ಅವರು ದಂಡಿಗೆ ಸೇರಿದ್ದು 1968ರಲ್ಲಿ, ಹದಿನೆಂಟಕ್ಕೆ. ಅಮ್ಮ ಇವತ್ತಿಗೂ ಸೈನ್ಯ ಅನ್ನೋದಿಲ್ಲ, "ಅಣ್ಣ ದಂಡಿಗೆ ಸೇರ್ದ" ಅಂತಲೇ ಹೇಳೋದು. ನಮ್ಮೂರು ಮಾಗಡಿ ಕಡೆ. ಅಲ್ಲಿಯವರಿಗೆ ಬೆಂಗಳೂರೆಂದರೆ ಎರಡು ಊರು, ಒಂದು ಪೇಟೆ, ಇನ್ನೊಂದು ದಂಡು. 1809ರಲ್ಲಿ ಬ್ರಿಟಿಷರು ತಮ್ಮ ಪಡೆಯನ್ನು ಶ್ರೀರಂಗಪಟ್ಟಣದಿಂದ ಎಬ್ಬಿಸಿ ಹಲಸೂರಿನ ಕಡೆ ತಂದಿಟ್ಟರು. ಆ ದಂಡು ಹೋಗಿ ಎಷ್ಟೋ ಕಾಲವಾದರೂ ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ನಿಗೆ ನಾವು ಬೆಂಗಳೂರು ದಂಡು ಅನ್ನೋದನ್ನು ಬಿಟ್ಟಿಲ್ಲ. ಮಾವ ಸೇರಿದ್ದು ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ. 1780ರಲ್ಲಿ ಶುರುವಾದ ಪಡೆ ಅದು. ಅಲ್ಲಿನ ಜವಾನರನ್ನು ಎಲ್ಲರೂ ತಂಬಿ ಅಂತ ಕರೆಯೋದು. ಮಾಗಡಿ ಗೌಡರ ಹುಡುಗ ದೇಶ ಕಾಯಲು ಹೋಗಿ ಮೊದಲು ಕಲಿತದ್ದು ತಮಿಳು. ಹಿಂದಿ ಬಂದದ್ದು ಆಮೇಲೆ.

ಎಂಜಿನಿಯರ್ ಅಂದ ಕೂಡಲೇ ನಮ್ಮ ಮನಸ್ಸಿಗೆ ಬೇರೆ ಚಿತ್ರ ಬರುತ್ತೆ. ಸೈನ್ಯದಲ್ಲಿ ಇವರ ಕೆಲಸ ದಾರಿ ಮಾಡಿಕೊಡೋದು. ಸೇತುವೆ ಕಟ್ಟು, ರಸ್ತೆ ಹಾಕು, ಶತ್ರು ನೆಲದಲ್ಲಿ ಹುಗಿದಿಟ್ಟ ಮೈನ್ ತೆಗೆ. ಮೊಣಕಾಲೂರಿ ಕೂತು, ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಿ ಚುಚ್ಚಿ ನೋಡಬೇಕು. ನೆಟ್ಟಗೆ ಚುಚ್ಚಿದರೆ ಕಥೆ ಮುಗೀತು. ತೆರವಾದ ಜಾಗದ ಎರಡೂ ಕಡೆ ಬಿಳಿ ಟೇಪು ಎಳೆಯಬೇಕು, ಹಿಂದೆ ಬರುವ ಟ್ಯಾಂಕಿಗೆ ಅದೇ ದಾರಿ. ಪಾಕಿಸ್ತಾನದ ಶಕರ್‌ಗಢ ಕಡೆ ಬಸಂತರ್ ನದಿಯ ಆಚೆ ದಡದಲ್ಲಿ ಡಿಸೆಂಬರ್ 15ರ ರಾತ್ರಿ ನಡೆದದ್ದು ಅದೇ. ದಾರಿ ಇನ್ನೂ ಪೂರ್ತಿ ತೆರವಾಗುವ ಮೊದಲೇ ಟ್ಯಾಂಕುಗಳು ನುಗ್ಗಿ ಆಚೆ ಹೋದವು, ಹೋಗಲೇಬೇಕಾಗಿತ್ತು. ಮಾರನೇ ದಿನ ಅಲ್ಲೇ ಟ್ಯಾಂಕ್ ದಳದ ಯುವ ಅಧಿಕಾರಿ ಅರುಣ್ ಖೇತ್ರಪಾಲ್ ಉರಿಯುವ ಟ್ಯಾಂಕ್ ಬಿಟ್ಟು ಇಳಿಯದೆ ಹೋರಾಡಿ ಸತ್ತರು. ಅವರಿಗೆ ಪರಮವೀರ ಚಕ್ರ ಬಂತು. "ಅವ್ರಿಗೂ ಇಪ್ಪತ್ತೊಂದು, ನಂಗೂ ಇಪ್ಪತ್ತೊಂದು" ಅಂತ ಮಾವ ಒಂದೇ ಒಂದು ಸಲ ಹೇಳಿದ್ದರು. ಯುದ್ಧದ ಬಗ್ಗೆ ಅವರ ಬಾಯಿಂದ ನಾನು ಕೇಳಿದ್ದರಲ್ಲಿ ಅದೇ ಜಾಸ್ತಿ.

ಒಮ್ಮೆ ನಾನು ಜಾಣತನ ತೋರಿಸಲು ಹೋಗಿ, "ಕೋರ್ಟೂ ಹಾಗೇ ಅಲ್ವಾ ಮಾವ, ಒಂದೊಂದೇ ಹೆಜ್ಜೆ ನೋಡಿ ಇಡಬೇಕು" ಅಂದೆ. ಮುಖ ಗಂಟಿಕ್ಕಿದರು. "ಮೈನ್ ತಪ್ಪಿದ್ರೆ ಸಾಯೋನು ನಾನು. ಕೋರ್ಟಲ್ಲಿ ನಾನು ತಪ್ಪಿದ್ರೆ ಸಾಯೋನು ಬೇರೆಯವನು. ಎಲ್ಲಿಂದೆಲ್ಲಿಗೆ ಹೋಲಿಸ್ತೀಯ" ಅಂದರು. ಅವತ್ತಿಂದ ನಾನು ಆ ಹೋಲಿಕೆ ಬಿಟ್ಟೆ. ಸಂತಾಪ ಸಭೆಯಲ್ಲಿ ಮಾತಾಡಿದವರೊಬ್ಬರು ಮಾತ್ರ ಬಿಡಲಿಲ್ಲ.

ನಾನು ಹೇಳಬೇಕಾಗಿರೋದು ಬೇರೆ. ಮಾವ 1985ರಲ್ಲಿ ಹವಲ್ದಾರರಾಗಿ ನಿವೃತ್ತರಾದಾಗ ಅವರಿಗೆ ಮೂವತ್ತೈದು ವರ್ಷ. ಮೂವತ್ತೈದು! ನನ್ನ ವಯಸ್ಸಿನವರು ಆ ವಯಸ್ಸಿಗೆ ಮೊದಲ ಮನೆಯ ಸಾಲ ತೆಗೆದು, ಇನ್ನೂ ಕಂಪನಿ ಬದಲಾಯಿಸಬೇಕಾ ಬೇಡವಾ ಅಂತ ಯೋಚಿಸುತ್ತಾ ಇರುತ್ತೇವೆ. ಸೈನ್ಯಕ್ಕೆ ಎಳೆ ಮೈ ಬೇಕು, ಅದಕ್ಕೆ ಜವಾನರನ್ನು ಬೇಗ ಕಳಿಸಿಬಿಡುತ್ತದೆ. ಹದಿನೈದು ವರ್ಷ ಸೇವೆಯಾದರೆ ಪೆನ್ಷನ್ ಬರುತ್ತೆ, ಸರಿ. ಆದರೆ ಮಗಳು ನಾಲ್ಕನೇ ಕ್ಲಾಸು, ಮಗ ಇನ್ನೂ ಅಂಗನವಾಡಿ, ಮನೆ ಬಾಡಿಗೆಯದ್ದು, ಕೈಯಲ್ಲಿರುವ ವಿದ್ಯೆ ಸೇತುವೆ ಕಟ್ಟೋದು, ಬಾಂಬ್ ತೆಗೆಯೋದು. ಲಿಂಗರಾಜಪುರದಲ್ಲಿ ಅದನ್ನು ಯಾರು ಕೊಳ್ಳುತ್ತಾರೆ? ಬೆಂಗಳೂರಿನಲ್ಲಿ ಬ್ಯಾಂಕು, ಎಟಿಎಂ, ಫ್ಯಾಕ್ಟರಿ, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಬೆನ್ನು ನೆಟ್ಟಗಿಟ್ಟು ನಿಂತಿರೋರಲ್ಲಿ ಎಷ್ಟು ಜನ ಇಂಥವರು ಅಂತ ಒಮ್ಮೆ ಕೇಳಿ ನೋಡಿ. ನಾವು ಸ್ವಾತಂತ್ರ್ಯ ದಿನಕ್ಕೆ ಧ್ವಜ ಹಾರಿಸಿ ಸಲ್ಯೂಟ್ ಹೊಡೆಯೋದು ಒಂದು ಕಡೆ, ಅವರು ನಮ್ಮ ಕಾರು ಬಂದಾಗ ಗೇಟು ತೆಗೆದು ಸಲ್ಯೂಟ್ ಹೊಡೆಯೋದು ಇನ್ನೊಂದು ಕಡೆ.

ಮಾವನೂ ಹಾಗೇ ಬ್ಯಾಂಕಿನ ಗನ್‌ಮ್ಯಾನ್ ಆದರು. ಬೇಜಾರೇನೂ ಇರಲಿಲ್ಲವಂತೆ. "ನಿಲ್ಲೋದು ಅಭ್ಯಾಸ ಇತ್ತು" ಅಂತಿದ್ದರು. ಆದರೆ ಬಾಗಿಲ ಪಕ್ಕವೇ ಪೆನ್ಷನ್ ಕೌಂಟರು. ತಿಂಗಳ ಮೊದಲ ವಾರ ಹಳೇ ಸೈನಿಕರು, ಅವರ ವಿಧವೆಯರು ಬಂದು ಸಾಲಾಗಿ ನಿಲ್ಲುತ್ತಿದ್ದರು. ಅವರ ಹತ್ತಿರ ಇಂಗ್ಲಿಷಿನ ಕಾಗದ, ಇಲ್ಲವೇ ಹಿಂದಿಯ ಕಾಗದ. ಓದಿ ಹೇಳಪ್ಪಾ ಅಂತ ಗನ್‌ಮ್ಯಾನ್ ಕೈಗೇ ಕೊಡೋರು. ಅವರೂ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಓದಿ ಹೇಳೋರು. ಓದುತ್ತಾ ಓದುತ್ತಾ ಒಂದು ವಿಷಯ ತಲೆಗೆ ಹೋಯಿತಂತೆ. ಸೈನಿಕ ಬದುಕಿದ್ದಾಗ ಮಾಡಿದ ಕೆಲಸಕ್ಕಿಂತ ಅವನ ಹೆಸರನ್ನು ಗುಮಾಸ್ತ ಹೇಗೆ ಬರೆದ ಅನ್ನೋದೇ ಆಮೇಲೆ ದೊಡ್ಡದಾಗುತ್ತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜವಾನನಿಗೆ ಮದುವೆಯಾದರೆ, ಮಗುವಾದರೆ ಸೈನ್ಯದ ದಾಖಲೆಯಲ್ಲಿ ಅದು ಪಾರ್ಟ್ ಟೂ ಆರ್ಡರ್ ಅಂತ ಹತ್ತಬೇಕು. ಹತ್ತದಿದ್ದರೆ ಆ ಹೆಂಡತಿ ಕಾಗದದ ಮೇಲೆ ಇಲ್ಲವೇ ಇಲ್ಲ. ಇನ್ನು ನಮ್ಮ ಕಡೆಯ ಹೆಸರುಗಳು. ನಮ್ಮಲ್ಲಿ ಮನೆತನದ ಹೆಸರು ಅಂತ ಇರೋದು ಕಡಿಮೆ, ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ತನ್ನ ಹೆಸರು. ದೂರದ ಗುಮಾಸ್ತನಿಗೆ ಇದು ಅರ್ಥವಾಗದೆ ಒಂದು ಕಡೆ ಊರನ್ನೇ ಹೆಸರು ಮಾಡಿರುತ್ತಾನೆ, ಇನ್ನೊಂದು ಕಡೆ ಅಪ್ಪನನ್ನು ಮಗ ಮಾಡಿರುತ್ತಾನೆ. ರೇಷನ್ ಕಾರ್ಡಿನಲ್ಲಿ ಜಯಮ್ಮ, ದಾಖಲೆಯಲ್ಲಿ ಜಯಾ ದೇವಿ. ಗಂಡ ಸತ್ತ ಮೇಲೆ ಜಯಮ್ಮ ಹೋಗಿ, ನಾನೇ ಜಯಾ ದೇವಿ ಅಂತ ಸಾಬೀತು ಮಾಡಬೇಕು. ತಾನು ತಾನೇ ಅಂತ ಕೋರ್ಟಿನಿಂದ ಬರೆಸಿಕೊಂಡು ಬರಬೇಕು. ಅದಕ್ಕೆ ದಾವೆ ಹಾಕಬೇಕು, ಹಾಕುವ ಮೊದಲು ಸರ್ಕಾರಕ್ಕೆ ಸೆಕ್ಷನ್ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ವಕೀಲರನ್ನು ಹಿಡಿಯಬೇಕು. ವಕೀಲರು ಫೀಸ್ ಕೇಳುತ್ತಾರೆ.

ಮಾವ ಲಾ ಓದಲು ಹೊರಟದ್ದು ಇಷ್ಟಕ್ಕೇ. ದೊಡ್ಡ ಆದರ್ಶ ಗೀದರ್ಶ ಏನೂ ಇರಲಿಲ್ಲ. ಕೌಂಟರಿನ ಸಾಲು ಕರಗುತ್ತಿರಲಿಲ್ಲ, ಅಷ್ಟೇ.

ಸೈನ್ಯದಲ್ಲಿದ್ದಾಗಲೇ ಅಂಚೆ ಮೂಲಕ ಬಿಎ ಮುಗಿಸಿಕೊಂಡಿದ್ದರು. 1986ರಲ್ಲಿ ಸಂಜೆ ಕಾಲೇಜಿಗೆ ಸೇರಿದರು. ಬ್ಯಾಂಕು ಮುಚ್ಚಿದ ಮೇಲೆ ಬಂದೂಕು ಒಪ್ಪಿಸಿ, ಯೂನಿಫಾರ್ಮಿನಲ್ಲೇ ಬಸ್ ಹತ್ತಿ ಕ್ಲಾಸಿಗೆ. ಈಗ ಹಾಗೆ ಓದಲು ಆಗೋದಿಲ್ಲ. ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಲಾ ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಯಬೇಕು. ಸಂಜೆ ಕಾಲೇಜಿನಲ್ಲಿ ಓದಿದವರ ಮಟ್ಟ ಕಡಿಮೆ ಅನ್ನೋ ವಾದ ಇದರ ಹಿಂದಿದೆ, ಅದನ್ನು ಪೂರ್ತಿ ತಳ್ಳಿಹಾಕಲೂ ಆಗಲ್ಲ. ಆದರೂ ಇವತ್ತು ಒಬ್ಬ ವಾಚ್‌ಮ್ಯಾನ್ ವಕೀಲನಾಗಬೇಕೆಂದರೆ ಮೂರು ವರ್ಷ ಸಂಬಳ ಬಿಟ್ಟು ಕೂರಬೇಕು. ಯಾರು ಕೂರುತ್ತಾರೆ?

ಎರಡನೇ ವರ್ಷದಲ್ಲಿ ಒಂದು ರಾತ್ರಿ ಪೆನ್ಷನ್ ಬಗ್ಗೆ ಪಾಠ. ನಕಾರ ಪ್ರಕರಣ. ಡಿ.ಎಸ್. ನಕಾರ ರಕ್ಷಣಾ ಇಲಾಖೆಯ ಹಣಕಾಸು ಅಧಿಕಾರಿಯಾಗಿ ನಿವೃತ್ತರಾದವರು. ಅವರ ಜೊತೆ ಅರ್ಜಿ ಹಾಕಿದ ಎರಡನೆಯವರು ಸೈನ್ಯದಿಂದ ನಿವೃತ್ತರಾದವರು. 1979ರಲ್ಲಿ ಸರ್ಕಾರ ಪೆನ್ಷನ್ ಲೆಕ್ಕವನ್ನು ಸುಧಾರಿಸಿತು, ಆದರೆ ಒಂದು ತಾರೀಖಿನ ಗೆರೆ ಎಳೆಯಿತು. ಗೆರೆಯ ಈಚೆಗೆ ನಿವೃತ್ತರಾದವರಿಗೆ ಹೊಸ ಲೆಕ್ಕ, ಆಚೆಗೆ ಆದವರಿಗೆ ಹಳೇದೇ. ಸುಪ್ರೀಂ ಕೋರ್ಟ್ ಆ ಗೆರೆಯನ್ನು ಅಳಿಸಿತು. ಪೆನ್ಷನ್ ಅನ್ನೋದು ಯಜಮಾನ ಮನಸ್ಸು ಬಂದಾಗ ಕೊಡುವ ಇನಾಮಲ್ಲ, ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಹಕ್ಕು ಅಂತ ಹೇಳಿತು. ಮೇಷ್ಟ್ರು ಬೋರ್ಡಿನ ಮೇಲೆ ತೀರ್ಪಿನ ತಾರೀಖು ಬರೆದರು. 17 ಡಿಸೆಂಬರ್ 1982.

"ಒಂದು ಕ್ಷಣ ತಲೆ ಸುತ್ತಿದ ಹಾಗಾಯ್ತು ಕಣಮ್ಮ" ಅಂತ ಮಾವ ಹೇಳಿದ್ದು ನಾನು ಬಿಕಾಂ ಓದುವಾಗ. ಅದೇ ದಿನ, ಹನ್ನೊಂದು ವರ್ಷ ಬಿಟ್ಟು. ಪೆನ್ಷನ್‌ದಾರರು ಅದನ್ನು ತಮ್ಮ ದಿನ ಅಂತ ಆಚರಿಸುತ್ತಾರೆ ಅನ್ನೋದೂ ಅವರಿಗೆ ಆಗಲೇ ಗೊತ್ತಾದದ್ದು. ಮನೆಗೆ ಮೈಸೂರ್‌ಪಾಕ್ ಬರಲು ಶುರುವಾದದ್ದು ಆ ವರ್ಷದಿಂದ. ಅಂದರೆ ಯುದ್ಧ ನಿಂತದ್ದಕ್ಕೆ ಮೊದಲ ಹದಿನೈದು ವರ್ಷ ಅವರು ಸಿಹಿ ಹಂಚಿರಲಿಲ್ಲ. ಇದರ ಅರ್ಥ ಏನು ಅಂತ ನಾನು ತುಂಬಾ ಯೋಚಿಸಿದ್ದೇನೆ. ಕೇಳಿದ್ದರೆ ಅವರು, ಆಗ ಸಂಬಳ ಕಮ್ಮಿ ಇತ್ತು ಅಂತ ಹೇಳಿಬಿಡುತ್ತಿದ್ದರು.

1990ರಲ್ಲಿ ವಕೀಲಿ ಮಾಡುವ ಸನ್ನದು ಸಿಕ್ಕಿತು. ಸಂಬಳದ ಕೆಲಸದಲ್ಲಿದ್ದುಕೊಂಡು ವಕೀಲಿ ಮಾಡುವ ಹಾಗಿಲ್ಲ, ಬ್ಯಾಂಕಿನ ಕೆಲಸ ಬಿಟ್ಟರು. ಅತ್ತೆ ಮೂರು ತಿಂಗಳು ಮಾತು ಬಿಟ್ಟರು. ಅತ್ತೆಯ ಕಡೆಯೂ ನ್ಯಾಯ ಇತ್ತು, ಅವರ ಕೈಗೆ ಬರುತ್ತಿದ್ದ ದುಡ್ಡು ಅರ್ಧಕ್ಕರ್ಧ ಇಳಿದಿತ್ತು. ನಲವತ್ತು ದಾಟಿದ ಜೂನಿಯರ್ ಮಾವ. ಅವರ ಸೀನಿಯರ್ ಅವರಿಗಿಂತ ಆರು ವರ್ಷ ಚಿಕ್ಕವರು, ಆದರೂ ಅವರು ಒಳಗೆ ಬಂದರೆ ಮಾವ ಎದ್ದು ನಿಲ್ಲೋದು ತಪ್ಪಿಸಲಿಲ್ಲ. ಬೆಳಿಗ್ಗೆ ಮೇಯೋ ಹಾಲ್ ಕೋರ್ಟು, ಮಧ್ಯಾಹ್ನ ಕೆಂಪೇಗೌಡ ರಸ್ತೆಯ ಸಿವಿಲ್ ಕೋರ್ಟು, ರಿಟ್ ಅರ್ಜಿ ಇದ್ದ ದಿನ ಅಠಾರ ಕಚೇರಿ, ಅಂದರೆ ಹೈಕೋರ್ಟು. ವಿಧಾನಸೌಧದ ಎದುರಿನ ಆ ಕೆಂಪು ಕಟ್ಟಡ ಮಾವನಿಗೆ ತುಂಬಾ ಇಷ್ಟ. ಹದಿನೆಂಟು ಇಲಾಖೆಗೆ ಅಂತ ಬ್ರಿಟಿಷರು ಕಟ್ಟಿಸಿದ್ದು, ಅದಕ್ಕೇ ಆ ಹೆಸರು. "ಆ ಹದಿನೆಂಟು ಇಲಾಖೆ ಮೇಲೆ ಹಾಕೋ ಕೇಸು ಈಗ ಅಲ್ಲೇ ನಡೆಯುತ್ತೆ ನೋಡು" ಅಂತ ನಗುತ್ತಿದ್ದರು.

ಬೇಸಿಗೆ ರಜೆಯಲ್ಲಿ ನಾನು ಅವರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದೆ, ಪುಟಕ್ಕೆ ಎರಡು ರೂಪಾಯಿ. ಹಾಗೆ ನನಗೆ 'ನಾನಾ' ಪರಿಚಯವಾಯಿತು. ಸೇವೆಯಲ್ಲಿದ್ದಾಗ ಜವಾನನಿಗೆ ಕಾಯಿಲೆ ಬಂದು ಮನೆಗೆ ಕಳಿಸುವಾಗ ಮೆಡಿಕಲ್ ಬೋರ್ಡ್ ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು. ಈ ಕಾಯಿಲೆ ಸೈನ್ಯದ ಕೆಲಸದಿಂದ ಬಂತಾ, ಅಥವಾ ಅದರಿಂದ ಜಾಸ್ತಿಯಾಯಿತಾ? ಎರಡೂ ಅಲ್ಲ ಅಂತಾದರೆ ಇಂಗ್ಲಿಷಿನ ನಾಲ್ಕು ಅಕ್ಷರ ಹಾಕುತ್ತಾರೆ, ಎನ್‌ಎಎನ್‌ಎ. ಬಿಡಿಸದೆ ಓದಿದರೆ ನಾನಾ. ಹಾಗೆ ಬರೆದರೆ ಅಂಗವೈಕಲ್ಯದ ಪೆನ್ಷನ್ ಸಿಗುವುದು ಕಷ್ಟ. "ನಂಗೆ ನಾನಾ ಹಾಕ್ಬಿಟ್ರು ಸಾರ್" ಅಂತ ಬರೋರು. ಮಾವ ಒಂದು ದಿನ ಟೀ ಕುಡಿಯುತ್ತಾ, "ಕನ್ನಡದಲ್ಲಿ ಸರಿಯಾಗೇ ಇದೆ ಕಣೆ. ನಿಮ್ ಕೆಲಸ ಮಾಡಿ ಕಾಯಿಲೆ ಬಂತು ಅಂದ್ರೆ, ಕೆಲಸ ಕೊಟ್ಟೋನು 'ನಾನಾ?' ಅಂತಾನೆ" ಅಂದರು. ನಾನು ನಕ್ಕಿದ್ದಕ್ಕೆ ಒಂದು ಪುಟ ತಪ್ಪು ಟೈಪಾಯಿತು.

2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದ ತೀರ್ಪು ಬಂತು. ಸಿಗ್ನಲ್ಸ್ ದಳದ ಜವಾನ, ಮೂರ್ಛೆ ರೋಗ ಅಂತ ಹೊರಗೆ ಕಳಿಸಿದ್ದರು, ಪೆನ್ಷನ್ ಇಲ್ಲ. ಸೇರುವಾಗ ದೇಹ ಪರೀಕ್ಷೆ ಮಾಡಿ ಗಟ್ಟಿಮುಟ್ಟಾಗಿದ್ದಾನೆ ಅಂತ ತೆಗೆದುಕೊಂಡವರು ನೀವೇ, ಆಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲ, ಹಾಗಾದರೆ ಅದು ಸೇವೆಯಲ್ಲೇ ಬಂತು ಅಂತಲೇ ಹಿಡಿಯಬೇಕು, ಅಲ್ಲ ಅಂತ ತೋರಿಸೋ ಹೊಣೆ ನಿಮ್ಮದು, ಅಂತ ಸುಪ್ರೀಂ ಕೋರ್ಟ್ ಹೇಳಿತು. ಮಾವ ಆ ತೀರ್ಪಿನ ಇಪ್ಪತ್ತು ಜೆರಾಕ್ಸ್ ಮಾಡಿಸಿಟ್ಟರು. ಅಷ್ಟರಲ್ಲಿ ಇಂಥ ಕೇಸುಗಳು ಅಠಾರ ಕಚೇರಿ ಬಿಟ್ಟು 2009ರಿಂದ ಶುರುವಾಗಿದ್ದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಿದ್ದವು. ಇಷ್ಟು ದೊಡ್ಡ ದಂಡಿನ ಊರಿನಲ್ಲಿ ಅದರ ಖಾಯಂ ಪೀಠ ಇಲ್ಲ. ಅರವತ್ತು ದಾಟಿದ ಮಾವ ರಾತ್ರಿ ರೈಲು ಹತ್ತಿ ಹೊರರಾಜ್ಯಕ್ಕೆ ಹೋಗಿ ವಾದ ಮಾಡಿ ಬರುತ್ತಿದ್ದರು. ಸೈಡ್ ಅಪ್ಪರ್ ಬರ್ತಿನಲ್ಲಿ ಅಷ್ಟುದ್ದದ ಮನುಷ್ಯ ಹೇಗೆ ಮಲಗುತ್ತಿದ್ದರೋ.

ಇನ್ನು ಸರ್ಕಾರಿ ವಕೀಲರಾಗಿದ್ದ ಆ ಮೂರು ವರ್ಷ. ಅವರು ನಿಂತದ್ದು ರಾಜ್ಯ ಸರ್ಕಾರದ ಪರ, ಸೈನ್ಯದ ಕೇಸುಗಳು ಕೇಂದ್ರದ ಮೇಲೆ, ಹಾಗಾಗಿ ಒಂದಕ್ಕೊಂದು ಡಿಕ್ಕಿ ಹೊಡೆಯಲ್ಲ ಅಂದುಕೊಂಡೇ ಒಪ್ಪಿದ್ದರು. ಒಂದು ಸಲ ಹೊಡೆಯಿತು. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಒಂದು ಪಾಲು ಇದೆ. ಅದರ ಪ್ರಕಾರ ಅರ್ಜಿ ಹಾಕಿ, ಜಮೀನು ತೋರಿಸಿಕೊಂಡು, ಉಳುಮೆ ಕೂಡ ಮಾಡುತ್ತಿದ್ದ ಒಬ್ಬ ಮಾಜಿ ಸೈನಿಕ ಕೋರ್ಟಿಗೆ ಬಂದಿದ್ದ. ಅದು ಕೆರೆ ಅಂಗಳ. ನೀರು ಬತ್ತಿ ಎಷ್ಟೋ ವರ್ಷವಾಗಿತ್ತು, ಆದರೂ ಪಹಣಿಯಲ್ಲಿ ಕೆರೆಯೇ. ಎದುರು ಪಕ್ಷ ಮಾವ.

ಫೈಲನ್ನು ಬೇರೆಯವರಿಗೆ ದಾಟಿಸಿ ಸುಮ್ನೆ ಇರಬಹುದಿತ್ತು. ಇರಲಿಲ್ಲ. ನಿಂತು ವಾದ ಮಾಡಿದರು, ಗೆದ್ದರು. "ಕೆರೆ ಅಂಗಳ ಯಾರಿಗೂ ಕೊಡೋ ಹಾಗಿಲ್ಲ, ಸೈನಿಕನಿಗೂ ಇಲ್ಲ" ಅಂತ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದರು, ಯಾರೂ ಕೇಳದಿದ್ದರೂ. ಆ ದಿನ ಕೋರ್ಟಿನ ಹೊರಗೆ ಆ ಮನುಷ್ಯನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಬೇರೆ ಜಮೀನಿಗೆ ಅರ್ಜಿ ತಾವೇ ಬರೆದುಕೊಟ್ಟರಂತೆ. ಅವನು ಅರ್ಜಿ ತೆಗೆದುಕೊಂಡ. ಕಾಫಿ ಮುಟ್ಟಲಿಲ್ಲ. ಮಾವ ಎಷ್ಟೋ ಕೇಸು ಸೋತಿದ್ದಾರೆ, ಅದೆಲ್ಲ ಎರಡು ದಿನಕ್ಕೆ ಮರೆಯುತ್ತಿದ್ದರು. ಗೆದ್ದ ಈ ಕೇಸಿನ ಆ ಒಂದು ಲೋಟ ಕಾಫಿ ಅವರಿಗೆ ಕೊನೆವರೆಗೂ ಮರೆಯಲಿಲ್ಲ. ಸರಿಯೇ ಮಾಡಿದರು ಅಂತ ನನಗೆ ಅನ್ನಿಸುತ್ತೆ. ಸಂತಾಪ ಸಭೆಯಲ್ಲಿ ಯಾರೂ ಇದನ್ನು ಹೇಳಲಿಲ್ಲ.

ವಕೀಲರು ಸತ್ತರೆ ಅವರ ಫೈಲುಗಳನ್ನು ಕಕ್ಷಿಗಾರರಿಗೆ ವಾಪಸ್ ಕೊಡಬೇಕು, ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಮಾವನ ಮಕ್ಕಳಿಬ್ಬರೂ ದೂರದ ಊರುಗಳಲ್ಲಿದ್ದಾರೆ, ಆ ಕೆಲಸ ನನಗೆ ಬಂತು. ಒಟ್ಟು ಅರವತ್ತೊಂದು ಫೈಲು. ಪ್ರತಿ ಹಾಳೆಯ ಬಲ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ನಂಬರು, ರಟ್ಟಿನ ಒಳಗೆ ಒಟ್ಟು ಎಷ್ಟು ಹಾಳೆ ಅಂತ. ಎಣಿಸಿ ಕೊಡಬೇಕು, ಸಹಿ ತೆಗೆದುಕೊಳ್ಳಬೇಕು. ಇದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರು.

ಡಿಸೆಂಬರಿನಲ್ಲಿ ಕುಣಿಗಲ್ ಕಡೆಯಿಂದ ಒಬ್ಬ ಅಜ್ಜಿ ಬಂದರು, ಮೊಮ್ಮಗನನ್ನು ಕರೆದುಕೊಂಡು. ಕುಟುಂಬ ಪೆನ್ಷನ್ ಕೇಸು, ಹೆಸರಿನದ್ದೇ ತಕರಾರು. ಮೂವರೂ ಕೂತು ಎಣಿಸಿದೆವು. ರಟ್ಟಿನ ಮೇಲೆ 213 ಅಂತಿತ್ತು, 212 ಹಾಳೆ ಸಿಕ್ಕಿತು. ಮತ್ತೆ ಎಣಿಸಿದೆವು. ಕೊನೆಗೆ ಮೊಮ್ಮಗ ರಟ್ಟಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಸಣ್ಣ ಕಾಗದ ಎಳೆದ. ಸ್ವೀಟ್ ಅಂಗಡಿಯ ಬಿಲ್ಲು. ಮೈಸೂರ್‌ಪಾಕ್, ಒಂದು ಕಿಲೋ. ಹಿಂದುಗಡೆ ಮಾವನ ಅಕ್ಷರದಲ್ಲಿ ಕೇಸಿನ ಮುಂದಿನ ತಾರೀಖು, ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ 213.

"ಇದೂ ಬೇಕಾ ತಾಯಿ ಕೋರ್ಟಿಗೆ?" ಅಂತ ಅಜ್ಜಿ ಕೇಳಿದರು.

ಗೊತ್ತಿಲ್ಲ ಅಜ್ಜಿ, ನಂಬರ್ ಹಾಕಿದ್ದಾರೆ, ಇರಲಿ ಅಂದೆ. ಅದನ್ನು ಜಾಗದಲ್ಲಿಟ್ಟು ದಾರ ಕಟ್ಟಿದೆ. ಅವರು 213 ಹಾಳೆಗೆ ಹೆಬ್ಬೆಟ್ಟು ಒತ್ತಿ ಹೋದರು. ಇನ್ನು ಆರು ಫೈಲು ಉಳಿದಿದೆ.